ಅಗಿಯಬೇಡಿ

ಲಾಸ್ಯ ಒಂದು ಹಾಳೆ ಅಚ್ಚು ಹಾಕಿಸಿದ್ದಳು,
ಪೋಲೆಂಡಿನಿಂದ ಬಂದ ಬೀಗರು ಒಂಬತ್ತು ಮಂದಿಗೆ.
ನಾನು ಓದಿಸಿ ಕೇಳಿಕೊಂಡೆ:
ಚಪ್ಪಲಿ ಎಲ್ಲಿ ಬಿಡಬೇಕು, ಅಕ್ಷತೆ ಯಾವಾಗ ಹಾಕಬೇಕು,
'ಊಟ ಆಯ್ತಾ' ಅಂತ ಯಾರಾದರೂ ಕೇಳಿದರೆ
ಅದು ಪ್ರಶ್ನೆಯಲ್ಲ, ನಮಸ್ಕಾರ.
ಕೊನೆಗೆ ದಪ್ಪಕ್ಷರದಲ್ಲಿ:
ಮುದ್ದೆಯ ವಿಚಾರ ದೊಡ್ಡಮ್ಮನನ್ನು ಕೇಳಿ.

ದೊಡ್ಡಮ್ಮ ಅಂದರೆ ನಾನು, ಜವರಮ್ಮ.
ಕಾಮಾಕ್ಷಿಪಾಳ್ಯದ ಫ್ಯಾಕ್ಟರಿ ಗೇಟಿನೆದುರು
ಇಪ್ಪತ್ತೊಂಬತ್ತು ವರ್ಷ ಮುದ್ದೆ ಕಟ್ಟಿದ ಕೈ ಇದು.
ಲೇತಿನ ಹುಡುಗರು, ವೆಲ್ಡಿಂಗಿನವರು, ಗಾರೆಯವರು,
ಉಂಡವರ ಲೆಕ್ಕ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿತ್ತು.

ಮದುವೆ ನಿನ್ನೆಯೇ ಮುಗಿದಿತ್ತು. ಧಾರೆ, ಪಾಯಸ,
ಫೋಟೋದವನ ಮುಂದೆ ಸಾಲು, ಅದು ಊರಿಗೆಲ್ಲ.
ಇವತ್ತು ಬೀಗರೂಟ. ಇದು ನಮಗೆ.
ಮಾಗಡಿ ರಸ್ತೆಯ ಛತ್ರದ ಹಿಂದೆ ಶಾಮಿಯಾನ,
ಸೌದೆ ಒಲೆ, ಮೆಟ್ರೋ ಹೋದಾಗಲೆಲ್ಲ
ಲೋಟದಲ್ಲಿ ನಡುಗುವ ನೀರು.

ಬೀಗರು ಅಂದರೇನು, ಅಂದ ಗಂಡಿನ ಅಪ್ಪ.
ಬೀಗ ಅಂದರೆ ಬಾಗಿಲಿಗೆ ಹಾಕುವುದೂ ಹೌದು ಸ್ವಾಮಿ,
ಹೆಣ್ಣು ಕೊಟ್ಟವರೂ ತಂದವರೂ ಹೌದು.
ಲಾಸ್ಯ ನಗುತ್ತಾ ಅದನ್ನು ಇಂಗ್ಲಿಷಿಗೆ ದಾಟಿಸಿದಳು.
ಆತ ಜೇಬು ತಡಕಿ, ಹೋಟೆಲು ರೂಮಿನ ಕಾರ್ಡು ತೆಗೆದು
'ಹಾಗಾದರೆ ಕೀಲಿ' ಅಂತ ನನ್ನ ಅಂಗೈಗಿಟ್ಟ.
ಆಳು ದೊಡ್ಡದು. ಕಣ್ಣು ಹುಡುಗನದು.

ಎಲೆಗೆ ನೀರು ಚಿಮುಕಿಸಿ ಅಂದೆ, ಚಿಮುಕಿಸಿದರು,
ಪಕ್ಕದವರ ಪ್ಯಾಂಟಿನ ಮೇಲೂ.
ಹೊಗೆಯಾಡುತ್ತ ಮುದ್ದೆ ಬಂತು,
ಹಿಂದೆಯೇ ಮಟನ್ ಸಾರು, ಬೋಟಿ ಗೊಜ್ಜು
(ಬೋಟಿ ಏನು ಅಂತ ಹಾಳೆಯಲ್ಲಿ ಬರೆದಿರಲಿಲ್ಲ,
ನಾನೂ ಹೇಳಲಿಲ್ಲ).

ನೋಡಿ, ಹೀಗೆ: ಚಿವುಟಬೇಕು,
ಬೆರಳಲ್ಲೇ ಉಂಡೆ ಮಾಡಬೇಕು, ಸಾರಲ್ಲಿ ಹೊರಳಿಸಬೇಕು,
ಗುಳುಂ.
ಅಗಿಯಬೇಡಿ. ಹಲ್ಲಿಗೆ ಇಲ್ಲಿ ಕೆಲಸವಿಲ್ಲ,
ಹಲ್ಲಿಗೆ ಮೂಳೆ ಇದೆ.

ಎಂಟು ಜನ ನುಂಗಿದರು.
ಒಬ್ಬನಿಗೆ ಗಂಟಲಲ್ಲಿ ನಿಂತಿತು, ನೆತ್ತಿ ತಟ್ಟಿದೆ.
ಒಂಬತ್ತನೆಯವಳು ಗಂಡಿನ ಅಜ್ಜಿ, ಹಾಲಿನಾ,
ಎಂಬತ್ತೇಳು ವರ್ಷ, ಹತ್ತಿಯಂಥ ಕೂದಲು,
ಅಗಿಯುತ್ತಾ ಕೂತಳು.

ಬೇಡಮ್ಮ, ಅಂದೆ. ಬೇಡಜ್ಜಿ, ಅಂದವು ಪಂಕ್ತಿಯ ಮಕ್ಕಳು.
ಹೆಣ್ಣಿನ ಸೋದರಮಾವ ಎದ್ದು ಬಂದು
ತಾನೊಂದು ನುಂಗಿ ತೋರಿಸಿದ.
ಕೈಯೆತ್ತಿ ಎಲ್ಲರನ್ನೂ ತಡೆದಳು. ಕಣ್ಣು ಮುಚ್ಚಿ
ಅಗಿದಳು, ಅಗಿದೇ ಅಗಿದಳು,
ಮೆಟ್ರೋ ಎರಡು ಸಲ ಹೋಯಿತು.

ಆಮೇಲೆ ಮೊಮ್ಮಗ ತೊಮೆಕ್‌ಗೆ ಏನೋ ಹೇಳಿದಳು,
ಅವನು ಹೆಂಡತಿಗೆ, ಹೆಂಡತಿ ನನಗೆ.
ಮೂರು ಬಾಯಿ ದಾಟಿ ಬಂದ ಮಾತು:
ಯುದ್ಧ ಮುಗಿದ ಚಳಿಗಾಲ. ಇಂಥದೇ ಕಪ್ಪು ಹಿಟ್ಟು.
ಆರು ಮಕ್ಕಳಿಗೆ ಒಂದು ರೊಟ್ಟಿ ಮುರಿದು
ಅವರಮ್ಮ ಹೇಳುತ್ತಿದ್ದಳಂತೆ:
ನಲವತ್ತು ಸಲ ಅಗಿಯಿರಿ,
ಬಹಳ ಉಂಡೆ ಅಂದುಕೊಳ್ಳಲಿ ಹೊಟ್ಟೆ.

ನಾನು ಸೌಟು ಹಿಡಿದು ನಿಂತೇ ಇದ್ದೆ.
ಯಾಕೆ ಅಗಿಯಬಾರದು ಅಂತ ಇಷ್ಟು ವರ್ಷದಲ್ಲಿ
ಒಬ್ಬರೂ ನನ್ನನ್ನು ಕೇಳಿದ್ದಿಲ್ಲ.
ನಮ್ಮವ್ವ ಹೇಳಿದ್ದು ಇಷ್ಟೇ:
ನುಂಗಿದ್ದು ನಿಧಾನ ಕರಗುತ್ತೆ ಕಣೆ ಮಗ,
ಕೂಲಿ ಬಿಡೋ ಹೊತ್ತಿನ ತನಕ ಹೊಟ್ಟೆ ಕೇಳಲ್ಲ.

ಅಜ್ಜಿಗೆ ಏನು ಹೇಳಲಿ ದೊಡ್ಡಮ್ಮ, ಅಂದಳು ಲಾಸ್ಯ.
ಏನೂ ಹೇಳಬೇಡ. ಇನ್ನರ್ಧ ಹಾಕು.

ಪಂಕ್ತಿ ಎದ್ದಿತು. ಎಲೆಯನ್ನು ತನ್ನ ಕಡೆಗೆ ಮಡಿಸಬೇಕು
ಅನ್ನೋದು ಹಾಳೆಯಲ್ಲಿತ್ತು, ಎಲ್ಲರೂ ಮಡಿಸಿದ್ದರು.
ಅಜ್ಜಿಯದು ತೆರೆದೇ ಇತ್ತು, ಒರೆಸಿದಷ್ಟು ಚೊಕ್ಕ.
ಮಡಿಸಿ ಮುಚ್ಚುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ.

ಮೂರನೇ ಪಂಕ್ತಿಯೂ ಮುಗಿದ ಮೇಲೆ, ಹಂಡೆಗಳ ಹಿಂದೆ,
ತಳದ ಮುದ್ದೆ ಚಿವುಟಿ ಬಾಯಿಗಿಟ್ಟು
ಹಲ್ಲು ಆಡಿಸಿದೆ. ಏಳು, ಎಂಟು. ಅಂಟಿತು.
ಹದಿನೈದಕ್ಕೆ ಮರಳಿನಂಥದ್ದು ನಾಲಗೆಗೆ ಸಿಕ್ಕಿತು.
ಇಪ್ಪತ್ತಕ್ಕೆ, ನನ್ನ ಗಿರಾಕಿಗಳಿಗೆ ಹೇಳಬೇಡಿ, ಸ್ವಲ್ಪ ಸಿಹಿ.

ಕೊಳಗ ಉಜ್ಜುತ್ತಿದ್ದ ಚಲುವಯ್ಯ ಕೈ ನಿಲ್ಲಿಸಿ ನೋಡಿದ:
ಏನಕ್ಕ, ಹಲ್ಲು ನೋವಾ?
ಸುಮ್ಮನಿರು, ಅಂದೆ ತುಂಬಿದ ಬಾಯಲ್ಲೇ,
ಎಣಿಸ್ತಾ ಇದೀನಿ.